ಉಣ್ಣೆಯ ಒಳಗಿನ ಮೈ

(ಚಿತ್ರಕಲಾ ಶಿಕ್ಷಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ಮೊದಲು ತೆರೆಯ ಮೇಲಿರುವ ಈ ಚಿತ್ರವನ್ನು ಒಂದು ನಿಮಿಷ ಸುಮ್ಮನೆ ನೋಡೋಣ. ಹೆಸರು, ಇಸವಿ ಎಲ್ಲ ಆಮೇಲೆ ಹೇಳುತ್ತೇನೆ. ಒಂದು ಕುರಿ ನಿಂತಿದೆ. ಮುಖ ನಮ್ಮ ಕಡೆಗಿದೆ. ಮುಖ, ಕಿವಿ, ಕಾಲುಗಳಲ್ಲಿ ಗೆರೆಗಳು ಒತ್ತೊತ್ತಾಗಿ ಬಿದ್ದು ಕಪ್ಪಾಗಿವೆ. ಬೆನ್ನಿನ ಕಡೆಗೆ ಹೋಗ್ತಾ ಹೋಗ್ತಾ ಅದೇ ಗೆರೆ ಸಡಿಲವಾಗಿ, ಸುರುಳಿ ಸುರುಳಿಯಾಗಿ, ಕೊನೆಗೆ ಕಾಗದದ ಬಿಳಿಯೇ ಉಳಿದುಕೊಂಡಿದೆ. ಇನ್ನೂ ಹತ್ತಿರ ಬನ್ನಿ. ಬೆನ್ನು ಮತ್ತು ಭುಜ ಸೇರುವ ಜಾಗದಲ್ಲಿ ಸುರುಳಿಗಳ ದಿಕ್ಕು ಬದಲಾಗಿದೆ, ಕಂಡಿತಾ? ಮೂಳೆ ಅಲ್ಲೇ ಇದೆ. ಮೂಳೆಯನ್ನು ಬರೆದಿಲ್ಲ, ಆದರೂ ಅದು ಅಲ್ಲಿದೆ ಅಂತ ನಮಗೆ ಗೊತ್ತಾಗುತ್ತದೆ. ಇದನ್ನು ಬರೆದದ್ದು ಬಾಲ್ ಪೆನ್ನಿನಲ್ಲಿ. ನಾವು ದಿನಾ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಂಥ ಪೆನ್ನು.

ಬರೆದವರು ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್, 1972ರ ಆರಂಭದ ತಿಂಗಳುಗಳಲ್ಲಿ. ಆಗ ಅವರಿಗೆ 73 ವರ್ಷ. ಪ್ಯಾರಿಸ್ಸಿನ ಯುನೆಸ್ಕೊ ಕಟ್ಟಡದ ಮುಂದೆ, ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಕೊಳದಲ್ಲಿ ಅವರ ಶಿಲ್ಪಗಳು ಅದಾಗಲೇ ನೆಲೆ ನಿಂತಿದ್ದವು. ಅಂಥವರು ಕಿಟಕಿ ಪಕ್ಕ ಕೂತು, ಮೊದಲ ವರ್ಷದ ವಿದ್ಯಾರ್ಥಿಯ ಹಾಗೆ, ಒಂದು ಸ್ಕೆಚ್ ಪುಸ್ತಕದ ತುಂಬ ಕುರಿ ಬರೆದರು. ಯಾಕೆ ಬರೆದರು, ಬರೆಯುತ್ತಾ ಏನನ್ನು ಕಂಡುಕೊಂಡರು, ಅದನ್ನೇ ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂದುಕೊಂಡಿದ್ದೇನೆ.

ನಾನು ಈ ಕುರಿಗಳನ್ನು ನೋಡಿದ್ದು ಒಂದು ಸಂಚಾರಿ ಪ್ರದರ್ಶನದಲ್ಲಿ. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಅವಳಿದ್ದ ಸಣ್ಣ ಊರಿನ ಮ್ಯೂಸಿಯಮ್ಮಿಗೆ ಮೂರ್ ಅವರ ಎಚಿಂಗ್‌ಗಳು, ಅಂದರೆ ಲೋಹದ ತಗಡಿನಲ್ಲಿ ಗೀರಿ ಕಾಗದಕ್ಕೆ ಅಚ್ಚು ತೆಗೆದ ಚಿತ್ರಗಳು, ಬಂದಿದ್ದವು. ಊರೂರು ಸುತ್ತಿ ಬಂದು, ಕೆಲವು ವಾರ ಇದ್ದು, ಮುಂದಿನ ಊರಿಗೆ ಹೋಗುವಂಥ ಪ್ರದರ್ಶನ. ಎರಡೇ ಕೋಣೆ. ಒಂದರಲ್ಲಿ ಮಲಗಿದ ಹೆಂಗಸರು, ತಾಯಿ-ಮಗು, ಆನೆಯ ತಲೆಬುರುಡೆ. ಇನ್ನೊಂದರಲ್ಲಿ ಬರೀ ಕುರಿ. ಬೆಳಕು ಬಹಳ ಮಂದ ಇತ್ತು. ಕಾಗದದ ಮೇಲಿನ ಕೆಲಸಕ್ಕೆ ಬೆಳಕೇ ಶತ್ರು, ಅದಕ್ಕೇ ಮ್ಯೂಸಿಯಮ್‌ಗಳು ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡುವುದಿಲ್ಲ. ಬಾಲ್ ಪೆನ್ನಿನ ಶಾಯಿಯಂತೂ ಬೇಗ ಮಾಸುತ್ತದೆ. ಮುದ್ರಣದ ಶಾಯಿ ಅದಕ್ಕಿಂತ ಗಟ್ಟಿ, ಜೊತೆಗೆ ಒಂದೇ ತಗಡಿನಿಂದ ಹಲವು ಪ್ರತಿ ತೆಗೆಯಬಹುದು. ಹಾಗಾಗಿ ಹೀಗೆ ಊರು ಸುತ್ತುವ ಕೆಲಸಕ್ಕೆ ಎಚಿಂಗ್ ಒಗ್ಗುತ್ತದೆ. ಆ ಮಂದ ಬೆಳಕಿನಲ್ಲಿ ಕಣ್ಣು ಹೊಂದಿಕೊಳ್ಳೋಕೆ ಎರಡು ನಿಮಿಷ ಬೇಕಾಯ್ತು. ಆಮೇಲೆ ಗೋಡೆಯಿಂದ ಒಂದೊಂದೇ ಕುರಿ ಮುಂದೆ ಬಂದ ಹಾಗೆ ಕಂಡಿತು. ಕತ್ತಲಲ್ಲಿ ಕುರಿಹಟ್ಟಿಯ ಬೇಲಿ ಹತ್ತಿರ ನಿಂತರೆ ಹೀಗೇ ಆಗುತ್ತದೆ, ಅದು ನನಗೆ ಚಿಕ್ಕಂದಿನಿಂದ ಗೊತ್ತು.

ಮೂರ್ ಅವರ ಕೆಲಸ ಹೀಗೆ ಊರು ಸುತ್ತುವುದು ಹೊಸದಲ್ಲ. 1948ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಅವರಿಗೆ ಶಿಲ್ಪಕಲೆಯ ಅಂತರರಾಷ್ಟ್ರೀಯ ಬಹುಮಾನ ಬಂತು. ಆಮೇಲೆ ಬ್ರಿಟಿಷ್ ಕೌನ್ಸಿಲ್ ಅವರ ಕೆಲಸವನ್ನು ದೇಶ ದೇಶಕ್ಕೆ ಕಳಿಸುತ್ತಲೇ ಇತ್ತು. ಅವರು ತೀರಿಕೊಂಡ ಮರುವರ್ಷ, 1987ರಲ್ಲಿ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಒಂದು ದೊಡ್ಡ ಪ್ರದರ್ಶನ ಆಯಿತು. ನಾನಾಗ ವಿದ್ಯಾರ್ಥಿ, ಹೋಗಲು ಆಗಲಿಲ್ಲ. ಹೋಗಿ ಬಂದ ಗೆಳೆಯರ ಬಾಯಲ್ಲಿ ಕೇಳಿದ್ದೇ ಬಹಳ ದಿನ ನನಗೆ ಮೂರ್.

ಈಗ 1972ಕ್ಕೆ ಹೋಗೋಣ. ಲಂಡನ್ನಿನ ಉತ್ತರಕ್ಕೆ ಹರ್ಟ್‌ಫರ್ಡ್‌ಷೈರ್‌ನಲ್ಲಿ ಪೆರ್ರಿ ಗ್ರೀನ್ ಅಂತ ಒಂದು ಹಳ್ಳಿ. ಯುದ್ಧ ಕಾಲದಲ್ಲಿ, 1940ರಲ್ಲಿ, ಲಂಡನ್ನಿನ ಮನೆಗೆ ಬಾಂಬಿನಿಂದ ಪೆಟ್ಟಾದಾಗ ಮೂರ್ ಮತ್ತು ಅವರ ಹೆಂಡತಿ ಇರೀನಾ ಅಲ್ಲಿಗೆ ಬಂದವರು ಕೊನೆತನಕ ಅಲ್ಲೇ ಉಳಿದರು. ವರ್ಷ ವರ್ಷ ಅಕ್ಕಪಕ್ಕದ ಜಮೀನು ಸೇರುತ್ತಾ ಹೋಗಿ ಈಗ ಅದು ಸುಮಾರು 70 ಎಕರೆಯ ಜಾಗ. ಆ ಹುಲ್ಲುಗಾವಲಲ್ಲಿ ನೆರೆಯ ರೈತನ ಕುರಿಗಳು ಮೇಯುತ್ತಿದ್ದವು. 1972ರ ಬೇಸಿಗೆಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ, ಬೆಲ್ವೆದೇರೆ ಕೋಟೆಯಲ್ಲಿ, ಅವರ ಬಹುದೊಡ್ಡ ಪ್ರದರ್ಶನ ನಿಗದಿಯಾಗಿತ್ತು. ವರ್ಷದ ಮೊದಲ ತಿಂಗಳುಗಳಲ್ಲೇ ಶಿಲ್ಪಗಳನ್ನು ಕಟ್ಟಿ ಪೆಟ್ಟಿಗೆಗೆ ತುಂಬುವ ಕೆಲಸ ಶುರುವಾಯಿತು. ಸ್ಟುಡಿಯೋಗಳಲ್ಲಿ ಮೊಳೆ ಹೊಡೆಯುವ ಸದ್ದು, ಕೂಗಾಟ, ಲಾರಿ. ಕೆಲಸ ಮಾಡಲು ಜಾಗವಿಲ್ಲ. ಮೂರ್ ಎದ್ದು ಒಂದು ಸಣ್ಣ ಸ್ಟುಡಿಯೋಗೆ ಹೋಗಿ ಕೂತರು. ಅಲ್ಲಿ ಕಪಾಟಿನ ತುಂಬ ಮೂಳೆ, ಕಲ್ಲು, ಚಿಪ್ಪು, ಅಂಗೈಯಗಲದ ಪ್ಲಾಸ್ಟರ್ ಮಾದರಿಗಳು. ಎದುರಿಗೆ ಕಿಟಕಿ. ಕಿಟಕಿಯಾಚೆ ಹುಲ್ಲು, ಹುಲ್ಲಿನ ಮೇಲೆ ಕುರಿ.

ಅವು ಮೇಯುತ್ತಾ ಮೇಯುತ್ತಾ ಕಿಟಕಿಯ ತೀರ ಹತ್ತಿರ ಬರುತ್ತಿದ್ದವು. ಮೂರ್ ಬರೆಯಲು ಶುರು ಮಾಡಿದರು. ಆದರೆ ಕುರಿ ಒಂದು ಕಡೆ ನಿಲ್ಲುತ್ತದೆಯೇ? ಅದಕ್ಕೆ ಅವರು ಕಂಡುಕೊಂಡ ಉಪಾಯ ನೋಡಿ. ಗಾಜಿನ ಮೇಲೆ ಬೆರಳಿನಿಂದ ಟಕ್ ಟಕ್ ಅಂತ ಬಡಿಯೋದು. ಕುರಿ ಮೇವು ಬಿಟ್ಟು ತಲೆಯೆತ್ತಿ ನೋಡುತ್ತಾ ನಿಂತುಬಿಡುತ್ತಿತ್ತು, ಐದು ನಿಮಿಷದ ತನಕ. ಅಲುಗಾಡಿತು ಅನ್ನಿಸಿದರೆ ಮತ್ತೆ ಬಡಿಯೋದು. ಎರಡನೇ ಸಲ ಅಷ್ಟು ಹೊತ್ತು ನಿಲ್ಲದು, ಆದರೂ ಕಲಾಶಾಲೆಯ ಮಾಡೆಲ್‌ಗಿಂತ ಏನೂ ಕಡಿಮೆಯಿಲ್ಲ ಅಂತ ಅವರೇ ನಂತರ ನೆನೆಸಿಕೊಂಡರು. ಈ ಚಿತ್ರಗಳಲ್ಲಿ ಎಷ್ಟೊಂದು ಕುರಿಗಳು ನಮ್ಮನ್ನೇ ದಿಟ್ಟಿಸುತ್ತಿರುವುದಕ್ಕೆ ಕಾರಣ ಅದು. ಅವು ನೋಡುತ್ತಿರುವುದು ಗಾಜಿನ ಸದ್ದನ್ನು.

ಮೂರ್ ಒಪ್ಪಿಕೊಂಡ ಇನ್ನೊಂದು ಮಾತಿದೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮೊದಮೊದಲು ಅವರಿಗೂ ಕುರಿ ಅಂದರೆ ಆಕಾರವಿಲ್ಲದ ಉಣ್ಣೆಯ ಉಂಡೆ, ಅದಕ್ಕೊಂದು ತಲೆ, ನಾಲ್ಕು ಕಾಲು, ಅಷ್ಟೇ ಆಗಿತ್ತಂತೆ. ಬರೆಯುತ್ತಾ ಹೋದ ಹಾಗೆ ಆ ಉಣ್ಣೆಯ ಕೆಳಗೆ ಒಂದು ಮೈ ಇದೆ, ಅದು ತನ್ನದೇ ರೀತಿಯಲ್ಲಿ ಚಲಿಸುತ್ತದೆ, ಒಂದೊಂದು ಕುರಿಗೂ ಒಂದೊಂದು ಸ್ವಭಾವ ಇದೆ ಅಂತ ಕಾಣಲು ಶುರುವಾಯಿತು.

ಇದನ್ನು ಓದಿದಾಗ ನನಗೆ ತಾತನ ನೆನಪಾಯಿತು. ನಮ್ಮದು ಚಳ್ಳಕೆರೆ ಸೀಮೆ. ಕಂಬಳಿಯ ಊರು. ತಾತನ ಹತ್ತಿರ ಎಂಬತ್ತು ತೊಂಬತ್ತು ಕುರಿ ಇದ್ದವು. ‘ಕುರಿಮಂದೆ’ ಅಂತ ನಾವು ಜನರನ್ನು ಬೈಯುತ್ತೇವೆ, ಎಲ್ಲ ಒಂದೇ ತರ ಅನ್ನುವ ಅರ್ಥದಲ್ಲಿ. ಮಂದೆ ಕಾಯ್ದವರ ಬಾಯಲ್ಲಿ ಆ ಬೈಗುಳ ನಾನು ಕೇಳಿಲ್ಲ. ತಾತನಿಗೆ ಅವು ಮೋಟುಕಿವಿ, ಕರಿಮುಖದ್ದು, ಚುಕ್ಕೇದು, ಬಾವಿ ಹತ್ತಿರ ಹುಟ್ಟಿದ್ದು. ಸಂಜೆ ಹಟ್ಟಿಗೆ ಹೊಡೆಯುವಾಗ ಎಣಿಸುತ್ತಿರಲಿಲ್ಲ, ಬರೀ ನೋಡಿ ‘ಚುಕ್ಕೇದು ಬಂದಿಲ್ಲ’ ಅನ್ನುತ್ತಿದ್ದ. ಸಂತೆಯಲ್ಲಿ ಕುರಿ ಕೊಳ್ಳುವಾಗ ಅವನ ಕಣ್ಣು ಬೇರೆಲ್ಲೋ ಇರುತ್ತಿತ್ತು, ಕೈ ಮಾತ್ರ ಕುರಿಯ ಬೆನ್ನಿನ ಮೇಲೆ. ಉಣ್ಣೆಯೊಳಗೆ ಬೆರಳು ಹಾಕಿ, ಬೆನ್ನೆಲುಬಿನ ಎರಡೂ ಕಡೆ ಒತ್ತಿ ನೋಡುತ್ತಿದ್ದ. ಉಣ್ಣೆ ದಪ್ಪ ಇದ್ದರೆ ಒಣಕಲು ಕುರಿಯೂ ಕೊಬ್ಬಿದ ಹಾಗೆ ಕಾಣುತ್ತದೆ. ಕಣ್ಣು ಮೋಸ ಹೋಗುತ್ತದೆ, ಕೈ ಹೋಗಲ್ಲ.

ಈ ಕೈಯ ಅರಿವು ಮೂರ್ ಅವರಿಗೂ ಚಿಕ್ಕಂದಿನಲ್ಲೇ ಬಂದಿತ್ತು. ಅವರು ಹುಟ್ಟಿದ್ದು 1898ರಲ್ಲಿ, ಯಾರ್ಕ್‌ಷೈರಿನ ಕ್ಯಾಸಲ್‌ಫರ್ಡ್‌ನಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕೆಲಸಗಾರ, ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಅಮ್ಮನಿಗೆ ಸಂಧಿವಾತ. ಹುಡುಗ ಹೆನ್ರಿ ಅಮ್ಮನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ. ಎಷ್ಟೋ ವರ್ಷಗಳ ಮೇಲೆ, 1957ರಲ್ಲಿ, ಕೂತಿರುವ ಹೆಂಗಸಿನ ಶಿಲ್ಪವೊಂದನ್ನು ಮಾಡುವಾಗ, ತಾನು ಕಡೆಯುತ್ತಿರುವುದು ಅಮ್ಮನ ಅದೇ ಬೆನ್ನು ಅಂತ ಅವರಿಗೆ ಹೊಳೆಯಿತು. ಚರ್ಮದ ಕೆಳಗೆ ಮೂಳೆ ಎಲ್ಲಿ ಗಟ್ಟಿ, ಮಾಂಸ ಎಲ್ಲಿ ಮೆತ್ತಗೆ ಅನ್ನುವುದನ್ನು ಆ ಬೆರಳುಗಳು ಮರೆತಿರಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಆದರೆ ಕುರಿಗೇ ವಾಪಸ್ಸು ಬರುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ರಾತ್ರಿಯೆಲ್ಲ ಬಾಂಬು ಬೀಳುವಾಗ ಜನ ಸುರಂಗ ರೈಲಿನ ನಿಲ್ದಾಣಗಳಲ್ಲಿ ಹೋಗಿ ಮಲಗುತ್ತಿದ್ದರು. 1940-41ರಲ್ಲಿ ಮೂರ್ ಆ ಸುರಂಗಗಳಿಗೆ ಇಳಿದು ಹೋಗಿ ನೋಡಿದರು. ಮಲಗಿದವರ ಮುಂದೆ ಕೂತು ಬರೆಯುವುದು ಮರ್ಯಾದೆಯಲ್ಲ ಅಂತ ನೋಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದೆರಡು ಮಾತು ಗೀಚಿಕೊಂಡು, ಮನೆಗೆ ಬಂದು ಬರೆದರು. ಮೇಣದ ಬಣ್ಣದ ಕಡ್ಡಿಯಲ್ಲಿ ಗೆರೆ ಎಳೆದು ಮೇಲೆ ಜಲವರ್ಣ ಹರಿಸುತ್ತಿದ್ದರು. ಮೇಣ ಇದ್ದ ಕಡೆ ನೀರು ನಿಲ್ಲುವುದಿಲ್ಲ, ಬೆಳಕು ಅಲ್ಲೇ ಉಳಿಯುತ್ತದೆ. ನಾವೂ ಮಕ್ಕಳಿಗೆ ಕ್ಯಾಂಡಲ್ ತುಂಡಿನಲ್ಲಿ ಹೀಗೆ ಮಾಡಿಸುತ್ತೇವಲ್ಲ, ಅದೇ. ಆ ಚಿತ್ರಗಳಲ್ಲಿ ಏನಿದೆ? ಸಾಲು ಸಾಲಾಗಿ ಮಲಗಿದ ಜನ, ಅವರ ಮೇಲೆ ಕಂಬಳಿ. ಕಂಬಳಿಯೊಳಗಿಂದ ಮೊಣಕಾಲು, ಭುಜ, ಸೊಂಟ ಒತ್ತಿಕೊಂಡು ಮೇಲೆದ್ದಿವೆ. 1951ರಲ್ಲಿ ಅವರು ಗ್ರೀಸಿಗೆ ಹೋಗಿ ಹಳೆಯ ಶಿಲ್ಪಗಳಲ್ಲಿ ಬಟ್ಟೆಯ ನಿರಿಗೆ ನೋಡಿ ಬಂದರು. ಬಂದ ಮೇಲೆ ಬಟ್ಟೆಯುಟ್ಟು ಒರಗಿದ ಹೆಂಗಸಿನ ದೊಡ್ಡ ಕಂಚಿನ ಶಿಲ್ಪ ಮಾಡಿದರು. ಅಲ್ಲೂ ಅದೇ ವಿಚಾರ. ಮೈ ಒಳಗಿನಿಂದ ಒತ್ತುವ ಕಡೆ ಬಟ್ಟೆ ಬಿಗಿಯಾಗುತ್ತದೆ, ಒತ್ತದ ಕಡೆ ಜೋತುಬೀಳುತ್ತದೆ. ಮುಚ್ಚಿದ್ದೇ ಒಳಗಿರುವುದನ್ನು ಹೇಳುತ್ತದೆ.

ಇನ್ನು ಆನೆಯ ತಲೆಬುರುಡೆ. ಆ ಪ್ರದರ್ಶನದ ಮೊದಲ ಕೋಣೆಯಲ್ಲಿ ಅದಿತ್ತು ಅಂದೆನಲ್ಲ. ಜೀವಶಾಸ್ತ್ರಜ್ಞ ಜೂಲಿಯನ್ ಹಕ್ಸ್‌ಲಿ ಕೊಟ್ಟಿದ್ದ ಒಂದು ಆನೆಯ ತಲೆಬುರುಡೆಯನ್ನು ಎದುರಿಗಿಟ್ಟುಕೊಂಡು 1969-70ರಲ್ಲಿ ಮೂರ್ ಎಚಿಂಗ್‌ಗಳ ಒಂದು ದೊಡ್ಡ ಸರಣಿಯನ್ನೇ ಮಾಡಿದ್ದರು. ಗುಹೆಗಳ ಹಾಗೆ, ಕಮಾನುಗಳ ಹಾಗೆ ಕಾಣುವ ಮೂಳೆ. ಮಾಂಸ, ಚರ್ಮ ಎಲ್ಲ ಹೋಗಿ ಉಳಿದದ್ದು. ಅದಾಗಿ ಎರಡು ವರ್ಷಕ್ಕೆ ಈ ಕುರಿಗಳು ಬಂದವು, ಮೂಳೆಯ ಸುಳಿವೇ ಕೊಡದಷ್ಟು ದಪ್ಪಗೆ ಉಣ್ಣೆ ಹೊದ್ದು. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು ನಾನು ಎಡಕ್ಕೂ ಬಲಕ್ಕೂ ನೋಡಿದೆ. ಜೀವನವಿಡೀ ಮೈಯನ್ನು ಒಳಗಿನಿಂದ ಯೋಚಿಸಿದವರಿಗೆ ಉಣ್ಣೆ ಅಡ್ಡ ಬರುತ್ತದೆಯೇ? ತಾತನ ಬೆರಳಿಗೆ ಅಡ್ಡ ಬಂದಿರಲಿಲ್ಲ.

ಇಷ್ಟರಲ್ಲಿ ಪೆರ್ರಿ ಗ್ರೀನ್‌ನಲ್ಲಿ ಕುರಿಗಳು ಈಯುವ ಕಾಲ ಬಂತು. ಸ್ಕೆಚ್ ಪುಸ್ತಕದ ಹಾಳೆಗಳಲ್ಲಿ ಮರಿಗಳು ಕಾಣಿಸಿಕೊಂಡವು. ತಾಯಿ ಮತ್ತು ಮಗು ಮೂರ್ ಅವರು ಮೊದಲಿನಿಂದಲೂ ಬಿಡದೆ ಹಿಡಿದ ವಿಷಯ. ದೊಡ್ಡ ಆಕಾರ, ಅದಕ್ಕೆ ಆತುಕೊಂಡ ಸಣ್ಣ ಆಕಾರ. ಮನುಷ್ಯರಲ್ಲಿ ಅದನ್ನು ನೂರು ರೀತಿಯಲ್ಲಿ ಮಾಡಿದ್ದವರಿಗೆ ಈಗ ಕಿಟಕಿಯಾಚೆ ಅದೇ ನಡೆಯುತ್ತಿತ್ತು. ಮರಿ ಹಾಲು ಕುಡಿಯುವ ಈ ಚಿತ್ರ ನೋಡಿ. ಮುದ್ದು ಮರಿ ಅಂತ ಬರೆದಿಲ್ಲ. ಮುಂಗಾಲು ಮಡಿಸಿ, ಕುತ್ತಿಗೆ ತಿರುಚಿ, ಕೆಚ್ಚಲಿಗೆ ತಲೆಯಿಂದ ಗುದ್ದುತ್ತಿದೆ. ಹಾಲು ಇಳಿಯಲಿ ಅಂತ ಮರಿ ಹಾಗೆ ಗುದ್ದುವುದು, ಕುರಿ ಸಾಕಿದವರಿಗೆಲ್ಲ ಗೊತ್ತು. ದೊಡ್ಡ ಮರಿಯಾದರೆ ತಾಯಿಯ ಹಿಂಗಾಲು ನೆಲ ಬಿಟ್ಟು ಮೇಲೇಳುವಷ್ಟು ಗುದ್ದುತ್ತದೆ. ತಾಯಿ ಮಾತ್ರ ಮುಖ ಆಚೆ ತಿರುಗಿಸಿ ಸುಮ್ಮನೆ ನಿಂತಿರುತ್ತದೆ. ಮರಿಯ ಆ ಜೋರನ್ನೇ ತೋರಿಸಬೇಕು ಅಂತ ಮೂರ್ ಅವರಿಗಿತ್ತು. ತಾಯಿಯ ಮುಖದ ಮೇಲಿನ ಗೆರೆ ಎಷ್ಟು ಶಾಂತ ಇದೆ, ಮರಿಯ ಕುತ್ತಿಗೆಯ ಗೆರೆ ಎಷ್ಟು ರಭಸದಲ್ಲಿದೆ, ಹೋಲಿಸಿ ನೋಡಿ. ಒಂದೇ ಪೆನ್ನು.

ಆಮೇಲೆ ಉಣ್ಣೆ ಕತ್ತರಿಸುವ ಕಾಲ. ಕತ್ತರಿಸಿದ ಕುರಿಯನ್ನೂ ಅವರು ಬಿಡಲಿಲ್ಲ. ಅವರ ಎಚಿಂಗ್‌ಗಳಲ್ಲಿ ಉಣ್ಣೆ ಕತ್ತರಿಸುವುದಕ್ಕೆ ಮುಂಚಿನ ಕುರಿಯೂ ಇದೆ, ಕತ್ತರಿಸಿಕೊಂಡ ಕುರಿಯೂ ಇದೆ. ಉಣ್ಣೆ ತೆಗೆದ ದಿನ ನಮ್ಮ ಹಟ್ಟಿಯಲ್ಲೂ ಮರಿಗಳಿಗೆ ತಾಯಿಯ ಗುರುತು ಸಿಗದೆ ಗಲಾಟೆಯೋ ಗಲಾಟೆ. ಮೂಸಿ ನೋಡಿ, ದನಿ ಕೇಳಿ, ಆಮೇಲೆ ನಂಬುತ್ತಿದ್ದವು. ಮೂರ್ ಮಾತ್ರ ಆ ಹೊತ್ತಿಗೆ ಗುರುತು ಹಿಡಿದಾಗಿತ್ತು.

ನೀವು ತರಗತಿಯಲ್ಲಿ ಕಲಿಸುವವರು, ಅದಕ್ಕೆ ಪೆನ್ನಿನ ಬಗ್ಗೆ ಎರಡು ಮಾತು. ಬಾಲ್ ಪೆನ್ನಿನಲ್ಲಿ ದಪ್ಪ ಸಣ್ಣ ಬರುವುದಿಲ್ಲ, ಅಳಿಸುವ ಹಾಗೂ ಇಲ್ಲ. ಒಂದೇ ಗಾತ್ರದ ಗೆರೆ, ನೂಲಿನ ಹಾಗೆ. ಕಪ್ಪಾಗಬೇಕಾದರೆ ಗೆರೆಯ ಮೇಲೆ ಗೆರೆ ಸುತ್ತಬೇಕು. ಆ ಮಿತಿಯೇ ಇಲ್ಲಿ ಉಪಯೋಗಕ್ಕೆ ಬಂದಿದೆ. ಮೂರ್ ಅವರ ಗೆರೆ ಎಳೆ ಎಳೆಯಾಗಿ ಸುತ್ತಿಕೊಳ್ಳುತ್ತದೆ, ಸಿಕ್ಕಾಗುತ್ತದೆ, ಬಿಡಿಸಿಕೊಳ್ಳುತ್ತದೆ. ಕುರಿಯ ಮೈಮೇಲೆ ಉಣ್ಣೆ ಬೆಳೆಯುವುದೂ ಹಾಗೇ. ಎಚಿಂಗ್ ಮಾಡುವಾಗಲೂ ಇದು ಕೈಬಿಡಲಿಲ್ಲ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಲ್ಲಿ ಆ ಲೇಪವನ್ನು ಗೀರಿ, ತಗಡನ್ನು ಆಮ್ಲದಲ್ಲಿ ಮುಳುಗಿಸುತ್ತಾರೆ. ಗೀರಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ, ಆ ಗುಳಿಯಲ್ಲಿ ಶಾಯಿ ನಿಲ್ಲುತ್ತದೆ. ಲೇಪದ ಮೇಲೆ ಸೂಜಿ ಬಾಲ್ ಪೆನ್ನಿನಷ್ಟೇ ಸಲೀಸಾಗಿ ಓಡುತ್ತದೆ. ಹಾಗಾಗಿ ಕಿಟಕಿ ಪಕ್ಕ ರೂಢಿಯಾದ ಕೈ ತಾಮ್ರದ ಮೇಲೂ ಹಾಗೇ ನಡೆಯಿತು. 1974ರ ಒಂದು ಎಚಿಂಗ್‌ನಲ್ಲಿ ಬಿರುಗಾಳಿಯ ಆಕಾಶದ ಕೆಳಗೆ ಕುರಿಯೊಂದು ನಿಂತಿದೆ. ಮೋಡಕ್ಕೂ ಉಣ್ಣೆಗೂ ಒಂದೇ ಜಾತಿಯ ಗೆರೆ. ಕುರಿ ಯಾವುದು, ಮಳೆ ಯಾವುದು ಅಂತ ಹುಡುಕಬೇಕು. ಇಡೀ ಪ್ರದರ್ಶನದಲ್ಲಿ ನಾನು ಬಹಳ ಹೊತ್ತು ನಿಂತದ್ದು ಅದರ ಮುಂದೆ.

ಮೂಲ ಸ್ಕೆಚ್ ಪುಸ್ತಕವನ್ನು ಮೂರ್ ತಮ್ಮ ಒಬ್ಬಳೇ ಮಗಳು ಮೇರಿಗೆ ಕೊಟ್ಟರು. 1980ರಲ್ಲಿ ಅದು ಅಚ್ಚಾಗಿ ಹೊರಬಂತು. ನಾನು ತೆರೆಯ ಮೇಲೆ ತೋರಿಸುತ್ತಿರುವ ಪೆನ್ನಿನ ಚಿತ್ರಗಳು ಆ ಅಚ್ಚಿನವು.

ಶಿಲ್ಪಿ ಕುರಿಯ ಶಿಲ್ಪ ಮಾಡಲಿಲ್ಲವೇ ಅಂತ ನೀವು ಕೇಳಬಹುದು. ‘ಶೀಪ್ ಪೀಸ್’ ಅನ್ನುವ ಹೆಸರಿನ ದೊಡ್ಡ ಕಂಚು ಇದೆ, 1971-72ರದ್ದು, ಉದ್ದ ಐದು ಮೀಟರಿಗೂ ಹೆಚ್ಚು. ಆದರೆ ಅದರಲ್ಲಿ ಕುರಿಯ ತಲೆ ಕಾಲು ಹುಡುಕಿದರೆ ಸಿಗುವುದಿಲ್ಲ. ಎರಡು ದುಂಡನೆಯ ಭಾರಿ ಆಕಾರಗಳು ಒಂದಕ್ಕೊಂದು ಆತು ನಿಂತಿವೆ, ಅಷ್ಟೇ. ಹೆಸರು ಬಂದದ್ದು ಕುರಿಗಳಿಂದ. ಅದನ್ನು ಹುಲ್ಲುಗಾವಲಲ್ಲಿ ಇಟ್ಟಾಗ ಕುರಿಗಳಿಗೆ ಅದು ಹಿಡಿಸಿತು, ಮರಿಗಳು ಅದರ ಸುತ್ತ ಆಡಿದವು, ಅದಕ್ಕೇ ಆ ಹೆಸರಿಟ್ಟೆ ಅಂತ ಮೂರ್ ಹೇಳಿದ್ದಾರೆ. ಬಿಸಿಲಲ್ಲಿ ನೆರಳಿಗೆ, ಮಳೆಯಲ್ಲಿ ಮರೆಗೆ ಅವು ಅದರಡಿ ಸೇರುತ್ತವೆ, ಕಂಚಿಗೆ ಮೈ ಉಜ್ಜುತ್ತವೆ. ಉಣ್ಣೆಯ ಜಿಡ್ಡು ತಾಗಿ ತಾಗಿ ಕುರಿಯ ಎತ್ತರದಷ್ಟು ಭಾಗ ಹೊಳಪು ಬರುತ್ತದೆ. ಇದರದೇ ಇನ್ನೊಂದು ಎರಕ ಝೂರಿಕ್‌ನ ಸರೋವರದ ದಂಡೆಯಲ್ಲಿದೆ, ಮತ್ತೊಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಮ್ಯೂಸಿಯಮ್ಮಿನಲ್ಲಿ. ನನ್ನ ಮಟ್ಟಿಗೆ ಪೆರ್ರಿ ಗ್ರೀನ್‌ನದೇ ಪೂರ್ತಿಯಾದದ್ದು, ಅಲ್ಲಿ ಹೆಸರು ಕೊಟ್ಟವರು ಪಕ್ಕದಲ್ಲೇ ಮೇಯುತ್ತಿರುತ್ತಾರೆ.

ಅಳತೆಯ ಮಾತೂ ಇದೆ. ಬಯಲಲ್ಲಿಡುವ ಶಿಲ್ಪದ ಪಕ್ಕ ಕುದುರೆಯೋ ಹಸುವೋ ನಿಂತರೆ ಶಿಲ್ಪ ಸಣ್ಣದಾಗಿ ಕಾಣುತ್ತದೆ, ಕುರಿ ಸರಿಯಾದ ಗಾತ್ರ ಅಂತ ಅವರ ಲೆಕ್ಕ. ಜೊತೆಗೆ ಯಾರ್ಕ್‌ಷೈರಿನ ಬಾಲ್ಯದ ಬಯಲಲ್ಲಿ ಕುರಿಗಳಿದ್ದವು.

ನಮ್ಮ ಕಡೆಯ ಕಲ್ಲುಗಳಲ್ಲಿ ಪ್ರಾಣಿಗಳಿಗೆ ಕೊರತೆಯಿಲ್ಲ. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಮಕರ, ಹಂಸ ಸಾಲುಗಟ್ಟಿವೆ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಆತಕೂರಿನ ಕಲ್ಲಿದೆ, ಹತ್ತನೇ ಶತಮಾನದ್ದು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಯ ಹೆಸರನ್ನೇ ಕಲ್ಲಿನಲ್ಲಿ ಬರೆಸಿದ್ದಾರೆ. ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆದರೆ ಕಾಳಿ ಕಾದಾಡಿತು, ಅದಕ್ಕೆ ಕಲ್ಲು ಸಿಕ್ಕಿತು. ಮೇಯುತ್ತಾ ನಿಂತದ್ದಕ್ಕೆ ಯಾರಿಗೂ ಕಲ್ಲು ನಿಲ್ಲಿಸಿಲ್ಲ. ಮೂರ್ ಬರೆದದ್ದು ಹಾಗೆ ಸುಮ್ಮನೆ ನಿಂತದ್ದನ್ನು, ಮೆಲುಕು ಹಾಕುವುದನ್ನು, ಹಿಂದಿನಿಂದ ಕಾಣುವ ಕುರಿಯ ಅಗಲವಾದ ಬೆನ್ನನ್ನು.

ಕೊನೆಯದಾಗಿ ಒಂದು ಸಂಗತಿ. ಇಂಗ್ಲೆಂಡಿನಿಂದ ಬಂದ ಮೇಲೆ ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮಗ, ನನಗಿಂತ ಹತ್ತು ವರ್ಷ ದೊಡ್ಡವನು, ಈಗಲೂ ಕುರಿ ಇಟ್ಟುಕೊಂಡಿದ್ದಾನೆ. ಹಟ್ಟಿಯ ಹೊರಗೆ ಕಲ್ಲಿನ ಮೇಲೆ ಕೂತು ಅವನಿಗೆ ಆ ಪುಸ್ತಕ ಕೊಟ್ಟೆ. ಯಾರು ಬರೆದದ್ದು, ಹೇಗೆ ಬರೆದದ್ದು, ಏನೂ ಹೇಳಲಿಲ್ಲ. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಒಂದೊಂದೇ ಹಾಳೆ ತಿರುವಿದ. ‘ಇದು ಗಬ್ಬದ್ದು,’ ಅಂದ. ಇನ್ನೊಂದು ಹಾಳೆಗೆ, ‘ಇದಕ್ಕೆ ವಯಸ್ಸಾಗೈತೆ, ಬೆನ್ನು ನೋಡು, ಹೆಂಗೆ ಕುಂತೈತೆ.’ ನಮ್ಮ ಕುರಿಗಳಂಥ ಕುರಿ ಇವಲ್ಲ, ಉಣ್ಣೆ ಬಹಳ ಅಂತಲೂ ಅಂದ. ಆಮೇಲೆ ನಾನು ಮೊದಲು ತೋರಿಸಿದೆನಲ್ಲ, ನಮ್ಮನ್ನೇ ದಿಟ್ಟಿಸುವ ಕುರಿ, ಆ ಹಾಳೆ ಬಂತು. ಬಹಳ ಹೊತ್ತು ನೋಡಿದ. ಬೆರಳಿನಲ್ಲಿ ಅದರ ಕಿವಿ ತೋರಿಸಿ ಹೇಳಿದ:

‘ಇದು ಮೇಯ್ತಾ ಇತ್ತು. ಯಾರೋ ಸದ್ದು ಮಾಡ್ಯಾರೆ ಕಣಪ್ಪ.’